ಕೊರಳಪಟ್ಟಿ

ಆಫೀಸಿನ ಕಾಗದದಾಗ ಬರೆದಿತ್ತು:
ನಗರದ ಹಸಿರು, ಎರಡು ದಿನದ ತರಬೇತಿ,
ಲೈನ್‌ಮನ್‌ಗಳು ಕಡ್ಡಾಯವಾಗಿ ಹಾಜರಿರತಕ್ಕದ್ದು.
ಬಾಗಿಲದಾಗ ಕೊರಳಿಗಿ ಒಂದು ನೀಲಿ ಪಟ್ಟಿ ಹಾಕಿದ್ರು,
ಅದರ ತುದಿಗಿ ನನ್ನ ಹೆಸರು. ಸೈಬಣ್ಣ, ಪ್ರತಿನಿಧಿ.
ಇಪ್ಪತ್ತೆರಡು ವರ್ಷದ ನೌಕರಿಯಾಗ
ನಾ ಯಾರಿಗೂ ಪ್ರತಿನಿಧಿ ಆಗಿದ್ದಿಲ್ಲ.

ಹೊರಗ ಕಲಬುರಗಿ, ನಲವತ್ಮೂರು ಡಿಗ್ರಿ.
ಒಳಗ ಕೂಲರಿನ ಹಳೇ ನೀರಿನ ವಾಸನಿ.
ಮುಂದಿನ ಸಾಲಿಗಿ ಫಾರೆಸ್ಟಿನವರು, ಪಾಲಿಕೆ ಇಂಜಿನಿಯರು,
ನಡುವ ಬಡಾವಣಿ ಸಂಘದ ಹಿರಿಯರು,
ಕಡೀ ಸಾಲಿಗಿ ನಾವು, ಕೊಡ್ಲಿ ಮನಿಯಾಗ ಬಿಟ್ಟು ಬಂದವರು,
ಕೈ ಎಲ್ಲಿ ಇಡಬೇಕು ತಿಳೀಲಾರದೆ.

ತಾರಕೇಶ್ವರಿ ಮೇಡಂ ಮೈಸೂರು ಕಡೆಯವರು.
ಮರ, ಮರ ಅಂದ್ರು ಮುಂಜಾನೆಲ್ಲ.
ನಮ್ಮ ಕಡಿ ಅದು ಎಷ್ಟು ದೊಡ್ಡದಾದ್ರೂ ಗಿಡನೇ ರೀ, ಅಂದೆ.
ಮುತ್ತ್ಯಾ ಹಚ್ಚಿದ್ದು, ಮೂರು ಮಂದಿ ತೆಕ್ಕಿಗಿ ಸಿಗಲಾರದ್ದು,
ಅದೂ ಗಿಡನೇ.
ಅವರು ನಕ್ಕು ಬರಕೊಂಡ್ರು.

ಪರದಿ ಮ್ಯಾಲ ಒಂದು ಟೊಂಗಿ.
ಟೊಂಗಿ ಹುಟ್ಟುವಲ್ಲಿ ಉಬ್ಬಿದ ಒಂದು ಮಡಿಕಿ.
ಅದಕ್ಕ ಕೊರಳಪಟ್ಟಿ ಅಂತಾರಂತ.
ಅದರ ಹೊರಗ ಕೊಯ್ಯಬೇಕಂತ,
ಮೊದಲು ಕೆಳಗಿಂದ ಚೂರು, ಆಮ್ಯಾಲ ತುಸು ಆಚಿ ಮ್ಯಾಲಿಂದ,
ಭಾರ ಇಳಿದ ಮ್ಯಾಲ ಉಳಿದ ತುಂಡು.

ಅಷ್ಟರಾಗ ಕರೆಂಟ್ ಹೋಯ್ತು.
ಎಲ್ಲರೂ ಹೊಳ್ಳಿ ಕಡೀ ಸಾಲು ನೋಡಿದ್ರು.
ನಾನಲ್ರೀ, ಅಂದೆ.
ಕೂಲರ್ ನಿಂತ ಮ್ಯಾಲ ನಗಿನೂ ನಿಂತಿತು.
ಹೊರಗೊಂದು ಇದೆಯಲ್ಲ, ಬನ್ನಿ, ಅಂದ್ರು ಮೇಡಂ.

ಅದು ನನಗ ಗೊತ್ತಿದ್ದ ಬೇವು.
ಹನ್ನೊಂದು ಕೆವಿ ಲೈನಿನ ಮಗ್ಗಲ,
ಬುಡದ ತನಕ ಶಹಾಬಾದ ಫರಸಿ,
ಒಂದು ಫರಸಿ ಬೇರಿನ ಮ್ಯಾಲ ಎದ್ದು ಕುಂತದ.
ಮೊಳಿ ಬಡದು ತೂಗಿಬಿಟ್ಟ ಕೋಚಿಂಗ್ ಕ್ಲಾಸಿನ ಬೋರ್ಡು.
ಎರಡಾಳಿನ ಎತ್ತರಕ್ಕ
ಗಿಳಿ ಹೋಗುವಷ್ಟು ತೂತು.

ನೌಕರಿಯ ಮೂರನೇ ವರ್ಷ, ಮಿರಗಕ್ಕ ಎರಡು ದಿನ ಮುಂಚೆ,
ಗಾಳಿಗಿ ಟೊಂಗಿ ತಂತಿಗಿ ಬಡದು ಕಿಡಿ.
ಸಾಹೇಬ್ರು ಕೆಳಗಿಂದ ಒದರ್ತಿದ್ರು:
ಬುಡಕ್ಕ ಹತ್ತಿ ಕಡಿಯೋ, ಮತ್ತ ಚಿಗಿಬಾರದು.
ಮ್ಯಾಲಿಂದ ಒಂದೇ ಸವನ ಹೊಡದೆ.
ಬೀಳುವ ಟೊಂಗಿ ಒಂದು ಮೊಳ ತೊಗಲು ಸುಲಕೊಂಡು ಹೋಯ್ತು.
ಇಸ್ತ್ರಿ ಬಂಡಿಯ ಖಾಸೀಮಸಾಬ
ಮರುದಿನ ಬಂಡಿ ಎಳಕೊಂಡು ರೋಡ್ ದಾಟಿದ.
ಏನೂ ಅನ್ನಲಿಲ್ಲ.

ಇಲ್ಲಿ ಏನು ತಪ್ಪಾಗಿದೆ, ಯಾರಾದ್ರೂ ಹೇಳಿ, ಅಂದ್ರು ಮೇಡಂ.
ಇಂಜಿನಿಯರು ಫೋನ್ ನೋಡಿದ್ರು.
ನಾ ಕೈ ಎತ್ತಿದೆ. ಉತ್ತರ ಗೊತ್ತಿದ್ದು ಅಲ್ಲ.
ನಾನೇ ರೀ, ಅಂದೆ.

ಬೈತಾರ ಅಂದ್ಕೊಂಡೆ. ಅವರು ತೂತಿನ ಕಡಿ ಬಟ್ಟು ಮಾಡಿ
ಗಿಡಕ್ಕೆ ಮಾಯಿಸೋದು ಗೊತ್ತಿಲ್ಲ, ಅಂದ್ರು.
ಸುತ್ತ ಹೊಸದು ಬೆಳೆಸಿ ಮುಚ್ಚಿಕೊಳ್ಳುತ್ತೆ ಅಷ್ಟೆ,
ಒಳಗೆ ಗಾಯ ಹಾಗೇ ಇರುತ್ತೆ.
ಗಿಡ ಅಂದದ್ದು ಅವರಿಗೇ ಗೊತ್ತಾಗಲಿಲ್ಲ.

ಒಂದು ಒಣ ಟೊಂಗಿ ತೋರಿಸಿ ಗರಗಸ ಕೈಗಿ ಕೊಟ್ರು.
ಹೆಂಗೂ ಕರೆಂಟಿಲ್ಲ ಹತ್ತು, ಅಂದ ಯಾರೋ ಸಂಘದವ.
ನಿಂದ್ರಿ, ಅಂದೆ. ಕರೆಂಟ್ ಹೋದದ್ದು ಹೊಳ್ಳಿ ಬರ್ತದ.
ಸಬ್‌ಸ್ಟೇಷನ್ನಿಗಿ ಫೋನ್ ಹಚ್ಚಿ ಎಲ್‌ಸಿ ತಗೊಂಡೆ,
ತಂತಿಗಿ ಅರ್ಥಿಂಗ್ ಹಾಕಿಸಿದೆ,
ಬಿಸಲಾಗ ಅರ್ಧ ತಾಸು ಎಲ್ಲರೂ ನಿಂತು ನೋಡಿದ್ರು.
ಮೇಡಂ ಮತ್ತ ಬರಕೊಂಡ್ರು.
ಆಮ್ಯಾಲ ಏರಿದೆ. ಕೆಳಗಿಂದ ಚೂರು. ಮ್ಯಾಲಿಂದ.
ಮಡಿಕಿ ಕೈಗಿ ಹತ್ತಿತು, ದಪ್ಪಗ,
ಇಷ್ಟು ವರ್ಷ ಕಣ್ಣಿಗಿ ಬೀಳಲಾರದ್ದು.

ಸಂಜಿಗಿ ರೋಡ್ ದಾಟಿ ಇಸ್ತ್ರಿ ಬಂಡಿಗಿ ಹೋದೆ.
ಈಗ ಖಾಸೀಮಸಾಬನ ಮಗ ನಿಂದಿರ್ತಾನ.
ನಾಳೆ ಎರಡನೇ ದಿನ ಅದ, ಅಂತ ಅಂಗಿ ಕೊಟ್ಟೆ.
ಅವ ಮೊದಲು ಕೊರಳಪಟ್ಟಿ ಹಾಸಿ ನೀರು ಚಿಮುಕಿಸಿದ.
ಬಂಡಿ ಮತ್ತ ಆ ಗಿಡದ ಬುಡಕ್ಕ ತರ್ತಿ ಏನು?
ಅಲ್ಲಿ ಹನ್ನೊಂದರ ಮ್ಯಾಲ ನೆರಳಿಲ್ಲ ಕಾಕಾ,
ಅಂದ, ಇದ್ದಲಿ ಊದಕೋತ.